ಕಾಳು ಬೇಯಿಸುವ ತಿಂಗಳಿಗೆ ಅಕ್ಟೋಬರ್ ಅನ್ನಬೇಡಿ

ಹಳೆಯ ಗ್ರೀಸಿನ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ನನ್ನದೊಂದು ಕೋರಿಕೆ. ಅಥೆನ್ಸಿನ ತಿಂಗಳ ಹೆಸರು ತೆಗೆದು ಅಲ್ಲಿ ಅಕ್ಟೋಬರ್ ಅಂತ ಹಾಕಬೇಡಿ. ಓದುವವರಿಗೆ ಸುಲಭವಾಗಲಿ ಅಂತಲೇ ಹಾಗೆ ಮಾಡುತ್ತೀರಿ, ಗೊತ್ತು. ಆದರೆ ಅಕ್ಟೋಬರ್ ರೋಮನ್ನರ ಹೆಸರು. ಅದರಲ್ಲಿರುವುದು ಎಂಟು ಅನ್ನುವ ಲೆಕ್ಕ ಮಾತ್ರ. ಅಥೆನ್ಸಿನವರ ಹೆಸರಿನಲ್ಲಿ ಒಂದು ಹಬ್ಬವೇ ಇತ್ತು.

ನನಗೆ ತುಂಬ ಇಷ್ಟವಾದ ಹೆಸರು ಪುಯನೊಪ್ಸಿಯೋನ್. ಅವರ ವರ್ಷದ ನಾಲ್ಕನೆಯ ತಿಂಗಳು. ಚಾಂದ್ರಮಾನವಾದ್ದರಿಂದ ನಮ್ಮ ಅಕ್ಟೋಬರ್, ನವೆಂಬರ್ ಎರಡರಲ್ಲೂ ಕಾಲಿಡುತ್ತದೆ. ಪುಯನೊಸ್ ಅಂದರೆ ಕಾಳು, ಹೆಪ್ಸೊ ಅಂದರೆ ಬೇಯಿಸುತ್ತೇನೆ. ಎರಡೂ ಸೇರಿ ಪುಯನೊಪ್ಸಿಯ, ಕಾಳು ಬೇಯಿಸುವ ಹಬ್ಬ. ತಿಂಗಳ 7ನೆಯ ದಿನ, ಅಪೊಲೊ ದೇವರಿಗೆ. ಅಥೆನ್ಸಿನ ಪುರಾಣದ ವೀರ ಥೀಸಿಯಸ್ ಮತ್ತು ಅವನ ಜೊತೆಯವರು ಕ್ರೀಟ್‌ನಿಂದ ಬದುಕಿ ಬಂದಾಗ ಉಳಿದಿದ್ದ ದವಸವನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕೂಡಿ ಉಂಡರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಅದೇ ಹಬ್ಬದಲ್ಲಿ ಉಣ್ಣೆ ಸುತ್ತಿದ ಆಲಿವ್ ಕೊಂಬೆ ಹೊತ್ತು, ಇದು ಅಂಜೂರ, ರೊಟ್ಟಿ, ಜೇನು, ಎಣ್ಣೆ ತರುತ್ತದೆ ಅಂತ ಹಾಡುತ್ತಿದ್ದರು.

ಇದರ ವ್ಯಾಕರಣವೂ ಚೆಂದ. ಹಬ್ಬದ ಹೆಸರು ನಪುಂಸಕಲಿಂಗ, ಬಹುವಚನ. ಅದು ತಿಂಗಳ ಹೆಸರಾಗುವಾಗ ಕೊನೆಗೆ 'ಓನ್' ಬಂದು ಪುಲ್ಲಿಂಗ, ಏಕವಚನವಾಗುತ್ತದೆ. ತಿಂಗಳು ಅನ್ನುವ 'ಮೇನ್' ಪದವೇ ಗ್ರೀಕಿನಲ್ಲಿ ಪುಲ್ಲಿಂಗ. ತಾರೀಖು ಹೇಳುವಾಗ ಷಷ್ಠಿ ವಿಭಕ್ತಿ ಹತ್ತಿ ಪುಯನೊಪ್ಸಿಯೋನೊಸ್ ಆಗುತ್ತದೆ. ನಾವು 'ಶ್ರಾವಣದ ಮೊದಲ ಸೋಮವಾರ' ಅನ್ನುವಾಗಲೂ ಅದೇ ವಿಭಕ್ತಿ ಅಲ್ವಾ?

ಹಸ್ತಪ್ರತಿಗಳಲ್ಲಿ ಪುಯನೆಪ್ಸಿಯೋನ್ ಅಂತ 'ಎ'ಕಾರವೂ ಸಿಗುತ್ತದೆ. ಅಥೆನ್ಸಿನ ಶಾಸನಗಳಲ್ಲಿರುವುದು 'ಒ'ಕಾರ. ನಾನು ಶಾಸನದ ಕಡೆ. ಆ ತಿಂಗಳನ್ನು ಬಾಳಿದವರೇ ಕಲ್ಲಿನಲ್ಲಿ ಕೆತ್ತಿದ ರೂಪ ಅದು.

'ಓನ್' ಅನ್ನುವ ಆ ಕೊನೆ ಊರಿನ ಗುರುತೂ ಹೌದು. ಅಥೆನ್ಸಿನ 12 ತಿಂಗಳಿಗೂ ಅದೇ ಕೊನೆ. ಪಕ್ಕದ ಬಿಯೋಷಿಯಕ್ಕೆ ಹೋದರೆ ಬುಕಾಟಿಯೊಸ್, ಹೆರ್ಮಾಯೊಸ್ ಅಂತ ಬೇರೆ ಥರ. ಸಮುದ್ರ ದಾಟಿ ಅಯೋನಿಯದ ಗ್ರೀಕರ ಕೆಲವು ಊರುಗಳಿಗೆ ಹೋದರೆ ಮತ್ತೆ 'ಓನ್', ಮೊದಲಕ್ಷರ ಮಾತ್ರ ಬದಲು: ಕುಯನೊಪ್ಸಿಯೋನ್. ಅಥೆನ್ಸಿನವರಿಗೂ ಅಯೋನಿಯದವರಿಗೂ ಇದ್ದ ನಂಟು ಈ ಹೆಸರುಗಳಲ್ಲೇ ಕಾಣುತ್ತದೆ. ಎಲ್ಲ ಕಡೆ ಅಕ್ಟೋಬರ್ ಅಂತ ಬರೆದರೆ ಇದ್ಯಾವುದೂ ಓದುಗರಿಗೆ ಸಿಗುವುದಿಲ್ಲ.

ಹೆಸರು ಮೊದಲ ಸಲ ಬಂದಾಗ 'ಕಾಳು ಬೇಯಿಸುವ ಹಬ್ಬದ ತಿಂಗಳು' ಅಂತ ಪಕ್ಕದಲ್ಲೇ ಸೇರಿಸಿ. ಆಮೇಲೆ ಪುಯನೊಪ್ಸಿಯೋನ್ ಅಂತಲೇ ಬರೆಯುತ್ತಾ ಹೋಗಿ. ಚೈತ್ರ, ವೈಶಾಖ ಬಲ್ಲ ಕನ್ನಡದ ಓದುಗರಿಗೆ ಇದೇನೂ ಕಷ್ಟವಲ್ಲ.