ಹಳೆಯ ಫೋಟೋದ ಬೀದಿ ಖಾಲಿ ಇರಲಿಲ್ಲ

ಹಳೆಯ ನಗರದ ಬೀದಿಯ ಫೋಟೋ ಯಾರಾದರೂ ಹಾಕಿದರೆ ಸಾಕು, ಕೆಳಗೆ ‘ಆಗ ಎಷ್ಟು ಪ್ರಶಾಂತವಾಗಿತ್ತು!’ ಅನ್ನುವ ಕಾಮೆಂಟು ಬಂದೇ ಬರುತ್ತದೆ. ತುಂಬ ಹಳೆಯ ಫೋಟೋಗಳ ಮಟ್ಟಿಗೆ ಈ ಮಾತನ್ನು ನಂಬಬೇಡಿ. ಜನ ಇದ್ದರು, ಫೋಟೋ ಹಿಡಿಯುವ ತಗಡಿನ ಮೇಲೆ ಮೂಡಲಿಲ್ಲ.

ಲೋಹದ ತಗಡಿನ ಮೇಲೆ ಫೋಟೋ ಮೂಡಿಸುವ ವಿಧಾನ ಕಂಡುಹಿಡಿದ ಫ್ರಾನ್ಸಿನ ಲೂಯಿ ಡಗೇರ್ 1838ರಲ್ಲಿ ಮೇಲಿನ ಕಿಟಕಿಯಿಂದ ತೆಗೆದ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಚಿತ್ರವನ್ನೇ ನೋಡಿ. ನಾಟಕಶಾಲೆಗಳಿದ್ದ, ಕುದುರೆಗಾಡಿ ಓಡಾಡುತ್ತಿದ್ದ ಗಿಜಿಗಿಜಿ ಬೀದಿ ಅದು. ಚಿತ್ರದಲ್ಲಿ ಮರದ ಸಾಲು, ಮನೆಗಳು, ಬೋಳು ರಸ್ತೆ. ಮೂಲೆಯಲ್ಲಿ ಮಾತ್ರ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದು ಕಾಲು ಎತ್ತಿಟ್ಟು ನಿಂತ ಒಬ್ಬ ಮನುಷ್ಯ.

ಅಯೋಡಿನ್ ಆವಿ ಹಿಡಿಸಿದ ಬೆಳ್ಳಿ ಲೇಪದ ತಾಮ್ರದ ತಗಡಿಗೆ ಆಗ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗಾಡಿಯೊಂದು ಹಾದುಹೋಗಲು ಕೆಲವೇ ಸೆಕೆಂಡು; ಉಳಿದ ಹೊತ್ತೆಲ್ಲ ಅದೇ ಜಾಗದಲ್ಲಿ ರಸ್ತೆಯ ಬೆಳಕು ಬಿದ್ದು ಗಾಡಿಯ ಗುರುತು ಅಳಿಸಿಹೋಗುತ್ತದೆ. ಪಾಲಿಶ್ ಮುಗಿಯುವ ತನಕ ಕಾಲು ಕದಲಿಸುವಂತಿಲ್ಲ, ಹಾಗಾಗಿ ಆತ ಉಳಿದ. 1839ರಲ್ಲಿ ಈ ಚಿತ್ರ ಕಂಡ, ಟೆಲಿಗ್ರಾಫಿಗೆ ಹೆಸರಾದ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ಕೂಡ ಬೂಟು, ಕಾಲು ಸ್ಪಷ್ಟವಾಗಿವೆ, ಅಲುಗಾಡಿದ ತಲೆ ಮೈ ಮೂಡಿಲ್ಲ ಎಂದೇ ಬರೆದ.

1851ರ ಕೊಲೋಡಿಯನ್ ವಿಧಾನ (ಗಾಜಿನ ಪ್ಲೇಟಿಗೆ ಅಂಟು ದ್ರವ ಹಚ್ಚಿ ಒದ್ದೆ ಇರುವಾಗಲೇ ಫೋಟೋ ತೆಗೆಯುವುದು) ಬಂದಮೇಲೆ ಬೆಳಕು ಬೀಳಿಸಬೇಕಾದ ಹೊತ್ತು ಸೆಕೆಂಡುಗಳಿಗೆ ಇಳಿಯಿತು. 1880ರ ದಶಕದ, ಮೊದಲೇ ಲೇಪ ಹಚ್ಚಿ ಒಣಗಿಸಿಟ್ಟ ಪ್ಲೇಟುಗಳಲ್ಲಿ ಸೆಕೆಂಡಿನ ಒಂದು ಚೂರು ಸಾಕಾಯಿತು. ಆದ್ದರಿಂದ 1860ರ ಚಿತ್ರವನ್ನೂ 1890ರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಜನ ಹೆಚ್ಚಾದರು ಅನ್ನುವುದು ದುಡುಕು. ಹೆಚ್ಚಿದ್ದರಲ್ಲಿ ಪ್ಲೇಟಿನ ವೇಗದ ಪಾಲೂ ಇದೆ.

ಇಂಥ ಚಿತ್ರವನ್ನು ದೊಡ್ಡದು ಮಾಡಿ ಮೊದಲು ರಸ್ತೆಯ ಮೈ ನೋಡಬೇಕು. ಮೊಣಕಾಲೆತ್ತರದಲ್ಲಿ ಹೊಗೆಯಂಥ ಗೆರೆ ಇದ್ದರೆ ಯಾರೋ ನಡೆದಿದ್ದಾರೆ. ನಿಂತ ಕುದುರೆಯ ಮೈ ಚೊಕ್ಕ, ತಲೆ ಬಾಲ ಕಲಸಿದಂತಿರುತ್ತವೆ. ಗಾಲಿಯ ಜಾಡು, ಸಗಣಿ, ಒದ್ದೆ ಕಲ್ಲು ಇವೆಲ್ಲ ಅಲ್ಲಿ ನಡೆದ ಓಡಾಟವನ್ನು ಹೇಳುತ್ತವೆ. ಆಕಾಶ ಬರೀ ಬಿಳಿ ಇದ್ದರೆ ಅದರಿಂದ ಹವೆ ಊಹಿಸಬೇಡಿ. ಆ ಪ್ಲೇಟುಗಳು ನೀಲಿಯನ್ನು ಬೇಗ ಹಿಡಿದು ಬಿಳಿಯಾಗಿಸುತ್ತಿದ್ದವು, ಕೆಂಪನ್ನು ಕಪ್ಪಾಗಿಸುತ್ತಿದ್ದವು. ಕಪ್ಪು ಕಂಡ ಬಾಗಿಲು ಕೆಂಪೇ ಇದ್ದಿರಬಹುದು.

ಡಗೇರ್ ತಗಡುಗಳಲ್ಲಿ ಸಾಮಾನ್ಯವಾಗಿ ಕನ್ನಡಿಯಂತೆ ಎಡಬಲವೂ ಅದಲುಬದಲು. ಅಂಗಡಿಯ ಬೋರ್ಡಿನ ಅಕ್ಷರ ನೋಡದೆ ‘ಬಲಗಡೆಯ ಕಟ್ಟಡ’ ಅಂತ ಬರೆಯಬೇಡಿ.

ನಿಜಕ್ಕೂ ಹೊಟ್ಟೆ ಉರಿಯುವುದು ಈಗಿನ ‘ಸ್ಪಷ್ಟಗೊಳಿಸುವ’ ಆ್ಯಪ್‌ಗಳನ್ನು ಕಂಡಾಗ. ನಡೆದುಹೋದವರ ಮಬ್ಬು ಗೆರೆಯನ್ನು ಅವು ಕೊಳೆ ಎಂದುಕೊಂಡು ಒರೆಸಿಬಿಡುತ್ತವೆ, ಇಲ್ಲದ ಮುಖವನ್ನು ಬರೆದುಬಿಡುತ್ತವೆ. ಬಣ್ಣ ತುಂಬಿದ್ದನ್ನು ಹಾಕುವುದಾದರೆ ಅಂಚು ಕತ್ತರಿಸದ ಮೂಲ ಸ್ಕ್ಯಾನನ್ನೂ ಜೊತೆಗೇ ಹಾಕಿ.