ಕುಸ್ವಾರ್ ಬೇಕಾದವರು ಹಿಟ್ಟಿಗೂ ಕೈ ಹಾಕಿ

ನವೆಂಬರ್ ಮುಗಿಯುತ್ತಾ ಬಂತು ಅಂದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಜೀವ ಬರುತ್ತದೆ. ಕುವೈತಿನಲ್ಲಿರುವ ತಮ್ಮ, ಕೆನಡಾದಲ್ಲಿರುವ ನಾದಿನಿ, ಮಂಗಳೂರಿನಲ್ಲೇ ಇರುವ ದೊಡ್ಡಪ್ಪನ ಮಕ್ಕಳು, ಎಲ್ಲರದ್ದೂ ಒಂದೇ ರಾಗ. "ಈ ಸಲ ಹಿಂದಿನ ಹಾಗೆ ಕ್ರಿಸ್ಮಸ್ ಮಾಡಬೇಕು." ಮಾಡೋಣ, ಬೇಡ ಅಂದವರು ಯಾರು? ಆದರೆ ಆ ಮಾತಿಗೆ ಬೀಳುವ ಹಾರ್ಟ್‌ಗಳ ಮಧ್ಯೆ, ಹಿಟ್ಟು ಕಲಸುವವರು ಯಾರು ಅಂತ ಒಬ್ಬರೂ ಕೇಳುವುದಿಲ್ಲ.

ನಾವಿರುವ ಮುಂಬಯಿಯಿಂದ ಊರಿಗೆ, ಮಂಗಳೂರಿಗೆ, ಹೋದರಾಯಿತಲ್ಲ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮೊದಲು ಅದು 120 ದಿನ ಇತ್ತು. ಎರಡರಲ್ಲೂ ನಮಗೆ ಸಿಗುವುದು ವೇಟಿಂಗ್ ಲಿಸ್ಟೇ. ಕ್ರಿಸ್ಮಸ್ ವಾರದ ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಕ್ಕವರು ಪುಣ್ಯವಂತರು. ಉಳಿದವರಿಗೆ ಮುಂಬಯಿಯೇ ಊರು.

ಗೊತ್ತಿಲ್ಲದವರಿಗಾಗಿ: ಕುಸ್ವಾರ್ ಅಂದರೆ ನಾವು ಕರಾವಳಿಯ ಕ್ಯಾಥೋಲಿಕರು ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳು. ನೆವ್ರಿ (ನಮ್ಮ ಕರ್ಜಿಕಾಯಿ), ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕೀಸ್, ಜೊತೆಗೊಂದು ತುಂಡು ಪ್ಲಮ್ ಕೇಕ್. ಹೆಸರು ಹೇಳಲು ಐದು ಸೆಕೆಂಡ್ ಸಾಕು. ಇನ್ನು ಕಿಡಿಯೊ ಒಂದನ್ನೇ ತೆಗೆದುಕೊಳ್ಳಿ. ಮೈದಾಗೆ ಮೊಟ್ಟೆ, ತೆಂಗಿನ ಹಾಲು, ಚೂರು ಉಪ್ಪು ಹಾಕಿ ಕಲಸಬೇಕು. ಸ್ವಲ್ಪ ಹೊತ್ತು ಮುಚ್ಚಿಡಬೇಕು. ಆಮೇಲೆ ಗೋಲಿಗಿಂತ ಚಿಕ್ಕ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಿನಲ್ಲಿ ಒತ್ತಿ, ಹಾಗೇ ಸುತ್ತಿಕೊಂಡು ತೆಗೆಯಬೇಕು. ಮೈಮೇಲೆ ಗೆರೆ ಮೂಡಿ ಸುರುಳಿಯಾಗುತ್ತದೆ. ಒತ್ತಿದ್ದು ಜಾಸ್ತಿಯಾದರೆ ಹಲ್ಲಿಗೆ ಅಂಟುತ್ತದೆ, ಕಡಿಮೆಯಾದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಒಂದು ಕಿಲೋ ಮೈದಾಗೆ ನೂರಾರು ಆಗುತ್ತವೆ ಮಾರಾಯ್ರೆ. ಅಷ್ಟನ್ನೂ ಕರಿಯಬೇಕು. ಮತ್ತೆ ಸಕ್ಕರೆ ಪಾಕಕ್ಕೆ ಹಾಕಿ, ಬಿಳಿ ಪದರ ಕಟ್ಟುವವರೆಗೆ ಕೈ ಬಿಡದೆ ತಿರುವಬೇಕು. ಫೋನ್ ಬಂತು ಅಂತ ಅತ್ತ ಹೋದರೆ ಎಲ್ಲಾ ಒಂದೇ ಗಡ್ಡೆ.

ಇದು ಒಬ್ಬರ ಕೆಲಸವೇ ಅಲ್ಲ. ಊರಿನಲ್ಲಿ ಯಾವತ್ತೂ ಒಬ್ಬರ ಕೆಲಸ ಆಗಿರಲೂ ಇಲ್ಲ. ರಾತ್ರಿ ಊಟ ಆದ ಮೇಲೆ ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದರು. ಅಜ್ಜಿ, ಚಿಕ್ಕಮ್ಮಂದಿರು, ಪಕ್ಕದ ಮನೆಯವರು, ಮಕ್ಕಳು ಎಲ್ಲರೂ ಕೂರುತ್ತಿದ್ದರು. ಅಜ್ಜನಿಗೆ ತೆಂಗಿನಕಾಯಿ ತುರಿಯುವ ಕೆಲಸ. ಊರಿನ ಸುದ್ದಿ ಪೂರ್ತಿ ಅಲ್ಲಿ ಅರೆದು ಮುಗಿಯುತ್ತಿತ್ತು. ಹಿಟ್ಟು ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ.

ಮುಂಬಯಿಗೆ ಬಂದಾಗ ನಾವು ತಿಂಡಿಗಳ ಪಟ್ಟಿಯನ್ನು ಮಾತ್ರ ತಂದೆವು, ಚಾಪೆಯನ್ನು ಅಲ್ಲೇ ಬಿಟ್ಟೆವು. ಆಫೀಸ್ ಮುಗಿಸಿ, ಲೋಕಲ್‌ನಲ್ಲಿ ನೇತಾಡಿಕೊಂಡು ಮನೆಗೆ ಬಂದು, ರಾತ್ರಿ ಹತ್ತಕ್ಕೆ ಗ್ಯಾಸ್ ಮುಂದೆ ಒಬ್ಬಳೇ ನಿಲ್ಲುವ ಹೆಂಗಸರನ್ನು ನಾನು ಈ ಊರಿನಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ಕಲೀನಾದಲ್ಲಿ, ಮರೋಲಿನಲ್ಲಿ, ಮೀರಾ ರೋಡಿನಲ್ಲಿ. ಅವರ ಗಂಡಂದಿರು ಹೊರಗೆ ನಕ್ಷತ್ರ ತೂಗುಹಾಕಿ, ಗೋದಲಿಗೆ ಹುಲ್ಲು ಹಾಸಿ, ಫೋಟೋ ತೆಗೆದು, "ನಮ್ಮ ಮನೆಯಲ್ಲಿ ಇನ್ನೂ ಸಂಪ್ರದಾಯ ಬಿಟ್ಟಿಲ್ಲ" ಅಂತ ಸ್ಟೇಟಸ್ ಹಾಕುತ್ತಾರೆ. ನನ್ನ ಸಿಟ್ಟು ಇರುವುದು ಇಲ್ಲೇ.

ತಮಾಷೆ ಏನೆಂದರೆ, ಊರಿನವರು ಈ ವಿಷಯದಲ್ಲಿ ನಮಗಿಂತ ಆರಾಮಾಗಿದ್ದಾರೆ. ಮಂಗಳೂರಿನ ಬೇಕರಿಗಳಲ್ಲಿ ಡಿಸೆಂಬರ್ ಬಂದರೆ ಕುಸ್ವಾರ್ ಪ್ಯಾಕೆಟ್‌ಗಳ ಸಾಲೇ ಇರುತ್ತದೆ. ದೊಡ್ಡಪ್ಪನ ಸೊಸೆ ಎರಡು ಕಿಲೋ ತಂದು ತಟ್ಟೆಗೆ ಸುರಿದು, ಸೀರೆ ಉಟ್ಟು ಚರ್ಚಿಗೆ ಹೋಗುತ್ತಾಳೆ. ಸರಿಯಾಗಿಯೇ ಮಾಡುತ್ತಾಳೆ ಅನ್ನುತ್ತೇನೆ ನಾನು. ಇಲ್ಲಿಯೂ ಮನೆಯಲ್ಲೇ ಮಾಡಿ ಮಾರುವ ನಮ್ಮವರು ಬೇಕಾದಷ್ಟು ಇದ್ದಾರೆ. ಅವರಿಂದ ತಂದರೆ ಒಂದು ಮನೆಯ ಖರ್ಚಿಗೂ ಆಯಿತು. ಇದರಲ್ಲಿ ನಾಚಿಕೆ ಏನಿದೆ?

"ಅಮ್ಮ ಮಾಡಿದ ಹಾಗೇ ಇರಬೇಕು" ಅನ್ನುವ ಹಟವೂ ನನಗೆ ಅರ್ಥ ಆಗುವುದಿಲ್ಲ. ನಮ್ಮ ಹಿರಿಯರು ಶತಮಾನಗಳ ಹಿಂದೆ ಗೋವಾದಿಂದ ಕೆನರಾಕ್ಕೆ ಬಂದವರು. ನೆವ್ರಿ ಜೊತೆಗೆ ಬಂತು, ಗೋವಾದ ಪದರ ಪದರದ ಸಿಹಿ ಬೆಬಿಂಕ ನಮ್ಮ ಮನೆಯ ತಟ್ಟೆಗೆ ಬರಲಿಲ್ಲ. ಊರಿನಲ್ಲಿ ಇಡ್ಲಿಯಂಥ ಸಾನ್ನಾದ ಹಿಟ್ಟಿಗೆ ಕಳ್ಳು ಹಾಕುತ್ತಿದ್ದರು, ಇಲ್ಲಿ ಯೀಸ್ಟ್ ಹಾಕುತ್ತೇವೆ. ಕುವೈತಿನಲ್ಲಿ ಹಂದಿಮಾಂಸಕ್ಕೆ ನಿಷೇಧ, ನಾವು ಹಂದಿಗೆ ಹಾಕುವ ಬಫಾತ್ ಮಸಾಲೆ ಹುಡಿಯನ್ನು ತಮ್ಮ ಕುರಿಮಾಂಸಕ್ಕೇ ಹಾಕುತ್ತಾನೆ. ಮಧ್ಯರಾತ್ರಿಯ ಪೂಜೆ ಅನ್ನುತ್ತೇವೆ, ಮೈಕಿಗೆ ಹತ್ತು ಗಂಟೆಯ ನಿಯಮ ಬಂದ ಮೇಲೆ ಮುಂಬಯಿಯ ಎಷ್ಟೋ ಚರ್ಚ್‌ಗಳಲ್ಲಿ ಅದು ಸಂಜೆಯೇ ಶುರುವಾಗುತ್ತದೆ. ಯೇಸು ಹುಟ್ಟುವುದೇನೂ ತಪ್ಪಿಲ್ಲ.

ಈ ತಮ್ಮನ ಬಗ್ಗೆ ಒಂದು ಮಾತು. ಗ್ರೂಪಿನಲ್ಲಿ ಗಲಾಟೆ ಮಾಡುವವರ ಪೈಕಿ ಆ ಹಕ್ಕು ಇರುವುದು ಅವನೊಬ್ಬನಿಗೇ. ಅಲ್ಲಿ 25ಕ್ಕೆ ರಜೆ ಇಲ್ಲ. ಕ್ರಿಸ್ಮಸ್‌ಗೆ ಹಿಂದಿನ ಶುಕ್ರವಾರ ಇವನೂ ರೂಮಿನವರೂ ನೆಲಕ್ಕೆ ಪೇಪರ್ ಹಾಸಿ, ನೆವ್ರಿ ಮಾಡಲು ಕೂರುತ್ತಾರೆ. ಒಬ್ಬ ಲಟ್ಟಿಸುತ್ತಾನೆ, ಒಬ್ಬ ಎಳ್ಳು-ಕೊಬ್ಬರಿ ಹೂರಣ ತುಂಬುತ್ತಾನೆ, ಒಬ್ಬ ಅಂಚು ಕತ್ತರಿಸುತ್ತಾನೆ. ಊರಿನಲ್ಲಿದ್ದಾಗ ಚಹಾದ ಲೋಟ ಎತ್ತಿಡದವನು ಇವನು! ಅಲ್ಲಿ ಮಾಡಿಕೊಡಲು ಅಕ್ಕ, ಅಮ್ಮ, ಹೆಂಡತಿ ಯಾರೂ ಇಲ್ಲ ನೋಡಿ, ಕೈ ತಾನಾಗಿಯೇ ಬಗ್ಗಿತು.

ನಮಗೆ ದಾರಿ ತೋರಿಸಿದ್ದು ಎದುರು ಮನೆಯ ಮರಾಠಿ ಕಾಕು. ದೀಪಾವಳಿಗೆ ಅವರ ಮನೆಯಿಂದ ಫರಾಳದ ತಟ್ಟೆ ಬರುತ್ತದೆ. ಕರಂಜಿ, ಚಕಲಿ, ಶಂಕರ್‌ಪಾಳಿ. ಕ್ರಿಸ್ಮಸ್‌ಗೆ ನಮ್ಮ ತಟ್ಟೆ ಅಲ್ಲಿಗೆ ಹೋಗುತ್ತದೆ. ನೆವ್ರಿ, ಚಕ್ಕುಲಿ, ತುಕ್ಡಿ. ಬಟ್ಟೆ ಮುಚ್ಚಿ ಕೊಟ್ಟರೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ. ಒಮ್ಮೆ ನಾನು ಸೊಂಟ ಹಿಡಿದುಕೊಂಡು ಬಾಗಿಲು ತೆಗೆದದ್ದನ್ನು ನೋಡಿ ಕಾಕು ಬೈದರು. ಗಿರ್‌ಗಾಂವ್ ಚಾಳಿನಲ್ಲಿ ಅವರು ಯಾರೂ ಒಬ್ಬರೇ ಕರಂಜಿ ಮಾಡುತ್ತಿರಲಿಲ್ಲವಂತೆ. ಇವತ್ತು ಇವರ ಮನೆ, ನಾಳೆ ಅವರ ಮನೆ. ಎಲ್ಲರೂ ಮಣೆ-ಲಟ್ಟಣಿಗೆ ಹಿಡಿದುಕೊಂಡು ಹೋಗಿ ಆ ಮನೆಯದ್ದು ಮುಗಿಸಿ ಬರುತ್ತಿದ್ದರಂತೆ.

ಅದನ್ನೇ ನಾವು ಎತ್ತಿಕೊಂಡೆವು. ನಮ್ಮ ಕಾಂಪ್ಲೆಕ್ಸಿನ ಮಂಗಳೂರಿನವರು ಈಗ ಅಡ್ವೆಂಟ್‌ನ, ಅಂದರೆ ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಹಂಚಿಕೊಂಡಿದ್ದೇವೆ. ಒಂದು ವಾರ ಒಂದು ಮನೆ, ಒಂದೇ ತಿಂಡಿ, ಕೊನೆಗೆ ಎಲ್ಲರಿಗೂ ಪಾಲು. ಕರಿಯುವ ಕೆಲಸ ಗಂಡಸರಿಗೆ. ಇದಕ್ಕೆ ವಿನಾಯಿತಿ ಇಲ್ಲ, ಮಂಡಿನೋವಿನವರಿಗೆ ಸ್ಟೂಲ್ ಇದೆ. ನನ್ನ ಗಂಡ ಸುತ್ತಿದ ಕಿಡಿಯೊ ಒಂದೊಂದೂ ಒಂದೊಂದು ಸೈಜ್. ತಿನ್ನುವಾಗ ಯಾರೂ ಅಳತೆ ಹಿಡಿಯಲಿಲ್ಲ. ರೋಸ್ ಕುಕೀಸ್ ಮಾತ್ರ ಯಾರ ಕೈಗೂ ಬಗ್ಗಲಿಲ್ಲ, ಅಚ್ಚು ಕಾಯದೆ ಹಿಟ್ಟಿಗೆ ಅದ್ದುವ ಆತುರ ಎಲ್ಲರಿಗೂ. ಅದನ್ನು ಈಗ ದುಡ್ಡು ಕೊಟ್ಟೇ ತರುತ್ತೇವೆ.

ಅಂದ ಹಾಗೆ, ಅಡ್ವೆಂಟ್‌ನ ಎರಡನೇ ಭಾನುವಾರ ನಮ್ಮ ಮನೆಯ ಸರದಿ. ಕಿಡಿಯೊ. ಮಧ್ಯಾಹ್ನ ಮೂರಕ್ಕೆ ಬನ್ನಿ, ಬರುವಾಗ ಒಂದು ಹೊಸ ಬಾಚಣಿಗೆ ತನ್ನಿ. ಸುಮ್ನೆ ಫೋಟೋ ತೆಗೆಯಲು ಬರುವವರಿಗೂ ಚಹಾ ಇದೆ, ಪಾಲು ಇಲ್ಲ.