ಕಮೀನೋಗೆ ಹೊರಡುವ ಮುನ್ನ ಒಂದಿಷ್ಟು ಸ್ಪ್ಯಾನಿಷ್

ಸ್ಪೇನಿನ ಕಮೀನೋ ದೆ ಸಾಂತಿಯಾಗೋ, ಅಂದರೆ ಸಾಂತಿಯಾಗೋ ಊರಿಗೆ ನಡೆದು ಹೋಗುವ ಯಾತ್ರೆಗೆ ಹೊರಟವರು ಶೂ, ಬ್ಯಾಗು, ರೇನ್‌ಕೋಟಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸ್ತಾರೆ. ಭಾಷೆಯ ಮಾತೆತ್ತಿದರೆ, "ಫೋನ್ ಇದೆಯಲ್ಲ, ಬಿಡಿ" ಅಂತಾರೆ. ನಾನಿದನ್ನು ಒಪ್ಪೋದಿಲ್ಲ. ಫ್ರಾನ್ಸಿನ ಗಡಿಯಿಂದ ಶುರುವಾಗುವ ಹೆಸರಾಂತ ದಾರಿ ಹೆಚ್ಚುಕಮ್ಮಿ 780 ಕಿಲೋಮೀಟರ್. ಪಾಂಪ್ಲೋನಾ, ಬುರ್ಗೋಸ್, ಲಿಯೋನ್‌ನಂಥ ಊರುಗಳಲ್ಲಿ ಇಂಗ್ಲಿಷ್‌ನಲ್ಲಿ ಹೇಗೋ ನಡೆಯುತ್ತೆ. ನಡುವಿನ ಪುಟ್ಟ ಹಳ್ಳಿಗಳಲ್ಲಿ ಹಾಗಲ್ಲ. ಅವರ ಊರಿಗೆ, ಅವರ ಮನೆಬಾಗಿಲಿಗೆ ಹೋಗುತ್ತಿರುವವರು ನಾವು. ನಾಲ್ಕು ಮಾತು ಕಲಿಯಬೇಕಾದವರೂ ನಾವೇ.

ಆದರೆ ಪ್ರಶ್ನೆಗಳನ್ನಷ್ಟೇ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. "ದೋಂದೆ ಎಸ್ತಾ ಎಲ್ ಆಲ್ಬೆರ್ಗೆ?" ಅಂತ ಯಾತ್ರಿಕರ ವಸತಿ ಎಲ್ಲಿದೆಯೆಂದು ಸ್ಪಷ್ಟವಾಗಿ ಕೇಳಿದಿರೋ, ಇವರಿಗೆ ಭಾಷೆ ಬರುತ್ತೆ ಅಂದುಕೊಂಡು ಎದುರಿನವರು ಪಟಪಟನೆ ಹೇಳಿಬಿಡ್ತಾರೆ. ಅದರಲ್ಲಿ ದೆರೇಚಾ ಅಂದರೆ ಬಲಕ್ಕೆ, ಇಸ್ಕಿಯೆರ್ದಾ ಅಂದರೆ ಎಡಕ್ಕೆ, ತೋದೋ ರೆಕ್ತೋ ಅಂದರೆ ನೆಟ್ಟಗೆ, ಇಷ್ಟು ಕಿವಿಗೆ ಬಿದ್ದರೆ ಸಾಕು. ಹಾಗಾಗಿ ಉತ್ತರಗಳನ್ನು ಕೇಳಿಸಿಕೊಂಡು ಅಭ್ಯಾಸ ಮಾಡಿ. ಸಂಖ್ಯೆಗಳನ್ನಂತೂ ಬಿಡಲೇಬೇಡಿ: ಅರವತ್ತು ಸೆಸೆಂತಾ, ಎಪ್ಪತ್ತು ಸೆತೆಂತಾ, ಒಂದೇ ಅಕ್ಷರದ ವ್ಯತ್ಯಾಸ.

ಉಚ್ಚಾರಣೆಗೆ ಹೆದರಬೇಕಿಲ್ಲ. ಇಂಗ್ಲಿಷ್‌ನವರು ತಿಣುಕಾಡುವ ತ, ದ ನಮಗೆ ನೀರು ಕುಡಿದಷ್ಟು ಸುಲಭ. ಕನ್ನಡದಲ್ಲೇ ಬರೆದುಕೊಂಡು ಓದಿದರೂ ಅವರಿಗೆ ಅರ್ಥವಾಗುತ್ತೆ.

ಸಸ್ಯಾಹಾರಿಗಳಿಗೆ ಇದು ಹೊಟ್ಟೆಪಾಡಿನ ವಿಷಯ. "ಸಿನ್ ಕಾರ್ನೆ", ಮಾಂಸ ಬೇಡ ಅಂದರೆ ಸಾಲದು. ಹಂದಿಮಾಂಸದ ಹ್ಯಾಮ್ ಚೂರು, ಟ್ಯೂನಾ ಮೀನು ಎಷ್ಟೋ ಜನರಿಗೆ ಆ ಲೆಕ್ಕಕ್ಕೇ ಬರೋದಿಲ್ಲ. ಮಿಶ್ರ ಸಲಾಡ್ ಮೇಲೆ ಟ್ಯೂನಾ ಇರೋದು ಮಾಮೂಲು. "ನೋ ಕೋಮೋ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೋ" ಅಂತ ಮಾಂಸ, ಹ್ಯಾಮ್, ಮೀನು ಮೂರನ್ನೂ ಬಿಡಿಸಿ ಹೇಳಿ. ಒಂದು ಹಳ್ಳಿಯ ಬಾರಿನಲ್ಲಿ ನಾನು ಹೀಗೆ ಹೇಳಿದಾಗ ಯಜಮಾನಿ ಬೇಳೆಯ ಪಾತ್ರೆಯ ಮುಚ್ಚಳ ತೆಗೆದರು. ಸೌಟಿನಲ್ಲಿ ಚೊರೀಸೋ ಸಾಸೇಜಿನ ತುಂಡೊಂದನ್ನು ಎತ್ತಿ ತೋರಿಸಿ, ಇದು ನಿಮಗಾಗಲ್ಲ ಅಂತ ಬೆರಳಾಡಿಸಿದರು. ಆಮೇಲೆ ಆಲೂಗಡ್ಡೆ, ಮೊಟ್ಟೆ ಕರಿದು ತಟ್ಟೆ ತುಂಬ ಕೊಟ್ಟರು. ಫೋನ್ ಚಾಚಿ ನಿಂತಿದ್ದರೆ ಆ ಮುಚ್ಚಳ ತೆರೆಯುತ್ತಿತ್ತು ಅಂತ ನನಗನ್ನಿಸೋದಿಲ್ಲ.

ಕಾಲಿಗೆ ಬೊಬ್ಬೆ ಎದ್ದರೆ ಫಾರ್ಮಸಿಯಲ್ಲಿ "ಆಂಪೊಯಾಸ್" ಅನ್ನಿ. ಮಂಡಿ ಹಿಡಿದರೆ "ಮೆ ದುಯೆಲೆ" ಅಂತ ನೋವಿರುವ ಜಾಗ ಮುಟ್ಟಿ ತೋರಿಸಿ. ನಲ್ಲಿಯ ಮೇಲೆ "ನೋ ಪೊತಾಬ್ಲೆ" ಅಂತಿದ್ದರೆ ಆ ನೀರು ಕುಡಿಯಬೇಡಿ. ಎಲ್ಲಿಗೇ ಹೋದರೂ ಏನಾದರೂ ಕೇಳುವ ಮೊದಲು "ಬುಯೆನೋಸ್ ದಿಯಾಸ್" ಅಂತ ನಮಸ್ಕಾರ ಹೇಳಿ.

ಓ ಸೆಬ್ರೇರೋ ಬೆಟ್ಟ ಹತ್ತುವಾಗ ಗಲಿಸಿಯಾ ಸೀಮೆ ಶುರುವಾಗುತ್ತೆ. ಅಲ್ಲಿ ಎಷ್ಟೋ ಬೋರ್ಡುಗಳು ಗಲಿಸಿಯನ್ ಭಾಷೆಯಲ್ಲಿವೆ. ಗಾಬರಿಯಾಗಬೇಡಿ, ಕಲಿತ ಸ್ಪ್ಯಾನಿಷ್ ಸಾಂತಿಯಾಗೋ ತಲುಪುವವರೆಗೂ ನಡೆಯುತ್ತೆ.